ಸಭೆಯ ಮುಂದಿನ ಹಿರಿಯರನ್ನು ಬೆಳೆಸಲು ಯಾವ ದಾರಿ: ಸೆಮಿನರಿಯೋ, ಊರಲ್ಲೇ ಪಾಠವೋ, ಜೊತೆಗಿಟ್ಟುಕೊಂಡು ಕಲಿಸುವುದೋ?

ನಮ್ಮ ಚರ್ಚಿನ ಸಭಾಪಾಲಕರಿಗೆ (ಪಾಸ್ಟರಿಗೆ) ವರ್ಗವಾಗಿ ಅವರು ಹೋದ ಮೂರನೆಯ ಭಾನುವಾರ, ಒಬ್ಬ ತಾಯಿ ಮಗಳ ಮದುವೆಗೆಂದು ದೀಕ್ಷಾಸ್ನಾನದ ಸರ್ಟಿಫಿಕೇಟ್ ಕೇಳಿಕೊಂಡು ಬಂದರು. ರಿಜಿಸ್ಟರ್ ಕಬ್ಬಿಣದ ಕಪಾಟಿನಲ್ಲಿತ್ತು. ಕೀಲಿಕೈ ಯಾರ ಹತ್ತಿರ ಇದೆಯೆಂದು ಕಮಿಟಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದ ಹಿರಿಯರು ಆಸ್ಪತ್ರೆಯಲ್ಲಿದ್ದರು. ಅದೇ ತಿಂಗಳು ಭಾನುವಾರ ಶಾಲೆಯ ಟೀಚರ್ ಮದುವೆಯಾಗಿ ಬೆಳಗಾವಿಗೆ ಹೋದರು. ಐದು ತಿಂಗಳು ಮಕ್ಕಳಿಗೆ ಪಾಠವೇ ನಡೆಯಲಿಲ್ಲ. ಇಪ್ಪತ್ತು ವರ್ಷ ಎರಡು ಮೂರು ಜನ ಇಡೀ ಸಭೆಯನ್ನು ಹೊತ್ತುಕೊಂಡು ಬಂದಿದ್ದರು. ಇನ್ನೊಬ್ಬರಿಗೆ ಕಲಿಸಬೇಕೆಂದು ಅವರಿಗೂ ಹೊಳೆದಿರಲಿಲ್ಲ, ಕಲಿಸಿರಿ ಎಂದು ನಾವೂ ಕೇಳಿರಲಿಲ್ಲ.

ಆಮೇಲೆ ನಾನು ಈ ವಿಷಯದ ಬೆನ್ನು ಬಿಟ್ಟಿಲ್ಲ. ಹುಬ್ಬಳ್ಳಿ-ಧಾರವಾಡದ ದೊಡ್ಡ ಸಭೆಗಳಲ್ಲಿ, ಗದಗ-ಬೆಟಗೇರಿಯಲ್ಲಿ, ಹಾವೇರಿ ಕಡೆಯ ಇಪ್ಪತ್ತು ಮನೆಯ ಸಣ್ಣ ಸಭೆಗಳಲ್ಲಿ ಹೊಸಬರನ್ನು ಹೇಗೆ ತಯಾರು ಮಾಡುತ್ತಾರೆ ಎಂದು ಕೇಳುತ್ತ, ನೋಡುತ್ತ ಬಂದಿದ್ದೇನೆ. ಮುಖ್ಯವಾಗಿ ಕಂಡದ್ದು ನಾಲ್ಕು ದಾರಿ: ಸಭಾಪಾಲಕರನ್ನು ತಯಾರು ಮಾಡುವ ಕಾಲೇಜಿಗೆ, ಅಂದರೆ ಸೆಮಿನರಿಗೆ ಕಳಿಸುವುದು, ಊರಲ್ಲೇ ಇದ್ದು ಕಲಿಯುವ ಟಿಇಇ (ಥಿಯಾಲಾಜಿಕಲ್ ಎಜುಕೇಶನ್ ಬೈ ಎಕ್ಸ್‌ಟೆನ್ಶನ್) ಪಾಠ, ಎರಡು ಮೂರು ದಿನದ ತರಬೇತಿ ಶಿಬಿರ, ಹಿರಿಯರೊಬ್ಬರು ಜೊತೆಗಿಟ್ಟುಕೊಂಡು ಕೆಲಸದಲ್ಲೇ ಕಲಿಸುವುದು. ನಿಮ್ಮ ಸಭೆ ಯಾವುದನ್ನು ಆರಿಸಬೇಕು ಎಂಬುದಕ್ಕೆ ಒಂದೇ ಉತ್ತರ ಇಲ್ಲ. ಆದರೆ ಯಾವುದರಿಂದ ಶುರು ಮಾಡಬೇಕು ಎಂಬುದರಲ್ಲಿ ನನಗೆ ಖಚಿತ ಅಭಿಪ್ರಾಯ ಇದೆ, ಅದನ್ನು ಮುಚ್ಚಿಡುವುದಿಲ್ಲ.

ಮೊದಲು ಕೆಲಸ ಬರೆಯಿರಿ, ಆಮೇಲೆ ಹೆಸರು

‘ನಮಗೆ ನಾಯಕರು ಬೇಕು’ ಎಂದು ಕೂತರೆ ಕಮಿಟಿ ಮೀಟಿಂಗ್ ರಾತ್ರಿ ಹತ್ತಾದರೂ ಮುಗಿಯುವುದಿಲ್ಲ. ಯಾವ ಕೆಲಸಕ್ಕೆ ಜನ ಬೇಕು ಎಂದು ಕೇಳಿಕೊಳ್ಳಿ. ಬೈಬಲಿನ ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆಯ ಮಾವ ಇತ್ರೋ ಮಾಡಿದ್ದು ಅದನ್ನೇ. ಅಳಿಯ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ನ್ಯಾಯ ಬಿಡಿಸುತ್ತ ಕೂತದ್ದನ್ನು ನೋಡಿ, ಹೀಗಾದರೆ ನೀನೂ ದಣಿಯುತ್ತೀ, ಜನರೂ ದಣಿಯುತ್ತಾರೆ ಎಂದ. ದೊಡ್ಡ ವ್ಯಾಜ್ಯ ಯಾವುದು, ಸಣ್ಣದು ಯಾವುದು ಎಂದು ವಿಂಗಡಿಸಿ, ಸಾವಿರಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬರಂತೆ ನೇಮಿಸಲು ಹೇಳಿದ. ಹತ್ತು ಜನರನ್ನು ನೋಡಿಕೊಳ್ಳುವವನಿಗೂ ಸಾವಿರ ಜನರನ್ನು ನೋಡಿಕೊಳ್ಳುವವನಿಗೂ ಬೇಕಾದ ತಯಾರಿ ಒಂದೇ ಅಲ್ಲ.

ನಾವು ಹಾಗೆ ಬರೆಯಲು ಕೂತಾಗ ಪಟ್ಟಿ ಹನ್ನೊಂದು ಕೆಲಸಗಳಿಗೆ ಹೋಯಿತು: ಮನೆ ಪ್ರಾರ್ಥನೆ ನಡೆಸುವುದು, ರೋಗಿಗಳ ಭೇಟಿ, ಭಾನುವಾರ ಶಾಲೆ, ಗಾಯನ, ಕಾಣಿಕೆಯ ಲೆಕ್ಕ, ಸಮಾಧಿ ಜಾಗದ ಉಸ್ತುವಾರಿ, ಹೀಗೆ. ಇವುಗಳಲ್ಲಿ ಸೆಮಿನರಿಯ ಪದವಿ ಬೇಕಾದದ್ದು ಒಂದೇ ಒಂದು, ಸಭಾಪಾಲಕರ ಕೆಲಸ. ಉಳಿದ ಹತ್ತಕ್ಕೆ ಬೇಕಾದವರು ಬೆಂಚಿನ ಮೇಲೇ ಕೂತಿದ್ದರು.

ಸೆಮಿನರಿ: ಯಾರಿಗೆ ಬೇಕೇ ಬೇಕು, ಯಾರಿಗೆ ಬೇಡ

ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಗಳಲ್ಲಿ ಕರ್ತನ ಭೋಜನದ ಸಂಸ್ಕಾರ ನಡೆಸುವವರು ಅಭಿಷಿಕ್ತ ಪ್ರೆಸ್ಬಿಟರ್, ಅಂದರೆ ಅಭಿಷೇಕವಾದ ಸಭಾಪಾಲಕರು. ಆ ಸೇವೆಗೆ ಕರೆ ಇದೆ ಎನ್ನುವವರ ಮುಂದೆ ಬೇರೆ ಆಯ್ಕೆ ಇಲ್ಲ: ಡಯಾಸಿಸ್ (ಬಿಷಪ್ಪರ ಪ್ರಾಂತ) ಆರಿಸಬೇಕು, ಥಿಯಾಲಜಿ ಓದಬೇಕು, ಡೀಕನ್ (ಸಹಾಯಕ ಸೇವಕ) ಆಗಿ ಸೇವೆ ಮಾಡಬೇಕು, ಆಮೇಲೆ ಅಭಿಷೇಕ. ನಮ್ಮ ಕಡೆಯವರು ಓದಲು ಸಾಮಾನ್ಯವಾಗಿ ಹೋಗುವುದು ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿಗೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ 1847ರಲ್ಲಿ ಶುರು ಮಾಡಿದ ಸೆಮಿನರಿಯೇ ಅದರ ಮೂಲ. ಬೆಂಗಳೂರಿನಲ್ಲಿ 1910ರಲ್ಲಿ ಆರಂಭವಾದ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜ್ ಇದೆ. ಎರಡೂ ಥಿಯಾಲಜಿ ಪದವಿ ಕೊಡುವ ಸೇರಾಂಪುರ ಸೆನೆಟ್ಟಿಗೆ ಸೇರಿದವು. ಬಿ.ಡಿ. (ಬ್ಯಾಚುಲರ್ ಆಫ್ ಡಿವಿನಿಟಿ) ಪದವಿಗೆ ನಾಲ್ಕೈದು ವರ್ಷ ಹಿಡಿಯುತ್ತದೆ. ಮೂಲ ಭಾಷೆಗಳ ಪರಿಚಯ, ಸಭೆಯ ಇತಿಹಾಸ, ಬೇರೆ ಬೇರೆ ಪಂಗಡದವರೊಡನೆ ಒಂದೇ ಹಾಸ್ಟೆಲಿನ ಬದುಕು, ಇವು ಊರಲ್ಲಿ ಕೂತು ಸಿಗುವಂಥವಲ್ಲ. ಚೆನ್ನಾಗಿ ಓದಿ ಬಂದ ಒಬ್ಬ ಸಭಾಪಾಲಕರ ಪ್ರಸಂಗಕ್ಕೂ (ಉಪದೇಶಕ್ಕೂ) ನಾಲ್ಕು ಯೂಟ್ಯೂಬ್ ವಿಡಿಯೋ ನೋಡಿ ಮಾಡಿದ ಪ್ರಸಂಗಕ್ಕೂ ಇರುವ ವ್ಯತ್ಯಾಸ ಹಿಂದಿನ ಬೆಂಚಿನವರಿಗೂ ಗೊತ್ತಾಗುತ್ತದೆ.

ತಪ್ಪು ಆಗುವುದು ಕಳಿಸುವವರನ್ನು ಆರಿಸುವಲ್ಲಿ. ‘ಏನೂ ನೌಕರಿ ಸಿಗಲಿಲ್ಲ, ಸೆಮಿನರಿಗರ ಹೋಗಲಿ’ ಎಂದು ಅಪ್ಪ ಅವ್ವ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಊರಲ್ಲಿ ಒಂದು ಮನೆ ಪ್ರಾರ್ಥನೆಯನ್ನೂ ನಡೆಸದ ಹುಡುಗ, ಒಬ್ಬ ರೋಗಿಯ ಹತ್ತಿರವೂ ಹೋಗಿ ಕೂಡದ ಹುಡುಗ ಪದವಿ ಹಿಡಿದುಕೊಂಡು ಬಂದ ಮೇಲೆ ಅವನ್ನೆಲ್ಲ ತಾನಾಗಿ ಮಾಡುತ್ತಾನೆ ಎಂದು ನಂಬಿ ಕಳಿಸಬೇಡಿ. ಹೊಸದಾಗಿ ಸಭೆಗೆ ಸೇರಿದವನನ್ನು ಅಧ್ಯಕ್ಷಸ್ಥಾನಕ್ಕೆ ಏರಿಸಬೇಡ, ಯಾರ ತಲೆಯ ಮೇಲೂ ಅವಸರದಿಂದ ಹಸ್ತವಿಡಬೇಡ ಎಂದು ಅಪೊಸ್ತಲ ಪೌಲ ತನ್ನ ಶಿಷ್ಯ ತಿಮೊಥೆಗೆ ಬರೆದದ್ದು ಸುಮ್ಮನೆ ಅಲ್ಲ.

ಈ ನಾಡಿನ ಸಭೆಗಳ ಚರಿತ್ರೆಯಲ್ಲೇ ಒಳ್ಳೆಯ ಉದಾಹರಣೆ ಇದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ಹುಬ್ಬಳ್ಳಿಗೆ, 1841ರಲ್ಲಿ ಬೆಟಗೇರಿಗೆ ಬಂತು. ಮಂಗಳೂರಿನಲ್ಲಿ ಹುಡುಗರನ್ನು ಓದಿಸಲು ಶುರು ಮಾಡಿದ ಹೆರ್ಮನ್ ಮೋಗ್ಲಿಂಗ್ ಆ ಹುಡುಗರನ್ನು ತನ್ನ ಜೊತೆಗೇ ಇರಿಸಿಕೊಂಡು ಕಲಿಸಿದರು. ಅವರ ಶಿಷ್ಯ ಆನಂದರಾವ್ ಕೌಂಡಿನ್ಯ 1844ರಲ್ಲಿ ದೀಕ್ಷಾಸ್ನಾನ ಪಡೆದರು, 1846ರಲ್ಲಿ ಮೋಗ್ಲಿಂಗರ ಜೊತೆಗೇ ಬಾಸೆಲಿಗೆ ಹೋದರು, ಅಲ್ಲಿ ಓದಿ 1851ರಲ್ಲಿ ಅಭಿಷಿಕ್ತರಾಗಿ ತಿರುಗಿ ಬಂದರು. ಮನುಷ್ಯನನ್ನು ಮೊದಲು ಹತ್ತಿರದಿಂದ ನೋಡಿ ಆಮೇಲೆ ದೂರದ ಶಾಲೆಗೆ ಕಳಿಸಿದ ಕ್ರಮವನ್ನು ಗಮನಿಸಿ.

ಸೆಮಿನರಿಗೆ ಹೋದವರನ್ನು ಸಭೆ ಮರೆಯುವುದು ಇನ್ನೊಂದು ತಪ್ಪು. ಕಳಿಸುವ ದಿನ ಹಾರ ಹಾಕಿ, ಆಮೇಲೆ ನಾಲ್ಕು ವರ್ಷ ಒಂದು ಫೋನೂ ಇಲ್ಲ. ತಿಂಗಳಿಗೊಮ್ಮೆ ಮಾತಾಡಲು ಒಬ್ಬ ಹಿರಿಯರನ್ನು ಗೊತ್ತು ಮಾಡಿ, ರಜೆಗೆ ಬಂದಾಗ ಕೆಲಸ ಕೊಡಿ.

ಟಿಇಇ: ಕೆಲಸ ಬಿಡದೆ ಓದುವವರಿಗೆ

ದೊಡ್ಡ ಸಂಸಾರ ಇದ್ದು, ಹೊಲ ಇದ್ದು, ಊರು ಬಿಡಲಾಗದವರು ಏನು ಮಾಡಬೇಕು? ಇದೇ ಪ್ರಶ್ನೆ 1963ರಲ್ಲಿ ಮಧ್ಯ ಅಮೆರಿಕದ ಗ್ವಾಟೆಮಾಲಾದ ಒಂದು ಪ್ರೆಸ್ಬಿಟೇರಿಯನ್ ಸೆಮಿನರಿಗೆ ಎದುರಾಯಿತು. ಹಳ್ಳಿಯ ಸಭೆಗಳನ್ನು ನಿಜವಾಗಿ ನಡೆಸುತ್ತಿದ್ದವರು ಊರು ಬಿಟ್ಟು ಬರುವಂತಿರಲಿಲ್ಲ. ಅವರು ಸೆಮಿನರಿಗೆ ಬರಲಾಗದಿದ್ದರೆ ಸೆಮಿನರಿಯೇ ಅವರ ಹತ್ತಿರ ಹೋಗಲಿ ಎಂದು ಶುರುವಾದ ಪದ್ಧತಿಯೇ ಟಿಇಇ. ಭಾರತದಲ್ಲಿ ಇದಕ್ಕಾಗಿ ಬೆಂಗಳೂರಿನಲ್ಲಿ 1971ರಲ್ಲಿ ಟಾಫ್ಟಿ ಎಂಬ ಸಂಸ್ಥೆ ಹುಟ್ಟಿತು.

ಹುಬ್ಬಳ್ಳಿಯವರಿಗೆ ಇದನ್ನು ವಿವರಿಸುವುದು ಸುಲಭ. ರೈಲು ಹಳಿ ಎರಡು. ಒಂದು, ಮನೆಯಲ್ಲಿ ದಿನಾಲೂ ಸ್ವಂತವಾಗಿ ಓದಿ ಉತ್ತರ ಬರೆಯುವ ಪಾಠ. ಇನ್ನೊಂದು, ಸಭೆಯಲ್ಲಿ ಮಾಡುವ ಕೆಲಸ. ಎರಡನ್ನೂ ಹಿಡಿದಿಡುವ ಸ್ಲೀಪರುಗಳು ಅಂದರೆ ವಾರಕ್ಕೊಮ್ಮೆ ಗುಂಪಾಗಿ ಕೂತು ಮಾಡುವ ಚರ್ಚೆ. ಸ್ಲೀಪರ್ ತೆಗೆದರೆ ಹಳಿ ಅಗಲುತ್ತದೆ. ಗುಂಪು ನಿಂತ ಕಡೆ ಪುಸ್ತಕಗಳು ಧೂಳು ಹಿಡಿದದ್ದನ್ನು ನೋಡಿದ್ದೇನೆ.

ನಮ್ಮ ಗುಂಪಿನಲ್ಲಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದ ಒಬ್ಬರಿದ್ದರು. ಅವರ ಪಾಠದ ಪುಸ್ತಕದ ಪ್ರತಿ ಪುಟದ ಕೆಳಗೆ ಬಲಮೂಲೆಯಲ್ಲಿ ಹೆಬ್ಬೆರಳಿನ ಗ್ರೀಸ್ ಗುರುತು ಇರುತ್ತಿತ್ತು. ಊಟದ ಬಿಡುವಿನಲ್ಲಿ ಓದುತ್ತಿದ್ದರು. ಹತ್ತನೆಯ ಇಯತ್ತೆಗೆ ಶಾಲೆ ಬಿಟ್ಟವರು ಎರಡನೆಯ ವರ್ಷಕ್ಕೆ ಗಲಾತ್ಯದವರಿಗೆ ಬರೆದ ಪತ್ರವನ್ನು ನಮಗೆಲ್ಲ ಬಿಡಿಸಿ ಹೇಳುವಂತಾದರು. ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಗಟ್ಟಿ ಬೈಬಲ್ ಜ್ಞಾನ ಕೊಡುವ ದಾರಿ ನನಗೆ ಇನ್ನೊಂದು ಗೊತ್ತಿಲ್ಲ.

ಗುಂಪು ನಡೆಸುವವರು ಭಾಷಣಕ್ಕೆ ಇಳಿದರೆ ಎಲ್ಲ ಕೆಡುತ್ತದೆ. ಅವರ ಕೆಲಸ ಪ್ರಶ್ನೆ ಕೇಳುವುದು. ಶುರು ಮಾಡುವ ತಿಂಗಳನ್ನೂ ನೋಡಿಕೊಳ್ಳಿ. ಏಪ್ರಿಲ್-ಮೇ ಮದುವೆಗಳ ಕಾಲ, ಜೂನ್ ಬಿತ್ತನೆ, ಬ್ಯಾಡಗಿ ಕಡೆ ಜನವರಿಯಿಂದ ಮಾರ್ಚ್‌ವರೆಗೆ ಮೆಣಸಿನಕಾಯಿಯ ಗಡಿಬಿಡಿ. ಆ ದಿನಗಳಲ್ಲಿ ಆರಂಭಿಸಿ ‘ನಮ್ಮ ಜನಕ್ಕ ಆಸಕ್ತಿ ಇಲ್ಲ’ ಎಂದು ಬೇಸರ ಮಾಡಿಕೊಂಡರೆ ಅದು ಜನರ ತಪ್ಪಲ್ಲ.

ಶಿಬಿರಗಳ ಬಗ್ಗೆ

ಹುರುಪು ಬರುತ್ತದೆ, ಬೇರೆ ಸಭೆಗಳವರ ಪರಿಚಯವಾಗುತ್ತದೆ. ಸೋಮವಾರಕ್ಕೆ ಊರಲ್ಲಿ ಮಾಡಲು ಕೆಲಸ ಇಲ್ಲದಿದ್ದರೆ ಬುಧವಾರಕ್ಕೆ ಹುರುಪು ಇಳಿಯುತ್ತದೆ. ಭಾನುವಾರ ಶಾಲೆಯ ಟೀಚರುಗಳಿಗೆ ಹಾಡು, ಆಟ, ಕಥೆ ಹೇಳುವ ರೀತಿ ಕಲಿಸಲು ಶಿಬಿರ ಒಳ್ಳೆಯದು. ಹಿರಿಯರನ್ನು ತಯಾರು ಮಾಡಲು ಇದೊಂದನ್ನೇ ನೆಚ್ಚಿಕೊಳ್ಳಬೇಡಿ.

ಜೊತೆಗಿಟ್ಟುಕೊಂಡು ಕಲಿಸುವುದು

ನಾನು ಮೊದಲು ಕೈ ಹಾಕಿರಿ ಎನ್ನುವುದು ಇದಕ್ಕೆ.

ಯೇಸು ಹನ್ನೆರಡು ಮಂದಿಯನ್ನು ನೇಮಿಸಿದ್ದನ್ನು ಹೇಳುವ ಮಾರ್ಕನ ಸುವಾರ್ತೆಯ ಮೂರನೆಯ ಅಧ್ಯಾಯ, ಅವರು ತನ್ನ ಸಂಗಡ ಇರಬೇಕೆಂಬುದನ್ನು ಮೊದಲು ಹೇಳಿ, ಸಾರುವುದಕ್ಕೆ ಕಳಿಸಬೇಕೆಂಬುದನ್ನು ಆಮೇಲೆ ಹೇಳುತ್ತದೆ. ಇದು ನಮ್ಮ ಸೀಮೆಗೆ ಹೊಸದೇನಲ್ಲ. ಭೀಮಸೇನ ಜೋಶಿ ಕುಂದಗೋಳದಲ್ಲಿ ಸವಾಯಿ ಗಂಧರ್ವರ ಮನೆಯಲ್ಲೇ ಇದ್ದು ಕಲಿತರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅದೇ ಮನೆಗೆ ಹೋಗಿ ಕಲಿತರು. ಗುರುವಿನ ಹತ್ತಿರ ಕೂಡದೆ ಹಾಡು ಬರುವುದಿಲ್ಲ ಎಂದು ಧಾರವಾಡ ಸೀಮೆಯ ಯಾರಿಗೂ ಹೇಳಿಕೊಡಬೇಕಿಲ್ಲ. ಸಭೆ ನಡೆಸುವ ಕೆಲಸ ಮಾತ್ರ ಸರ್ಕ್ಯುಲರ್ ಓದಿ ಬಂದುಬಿಡುತ್ತದೆ ಎಂದು ಹೇಗೆ ಅಂದುಕೊಂಡೆವೋ.

ನನಗೆ ಕಲಿಸಿದವರು ನಿವೃತ್ತ ಶಾಲಾ ಮಾಸ್ತರರು, ನಾವು ‘ಅಜ್ಜಾರ’ ಎನ್ನುತ್ತಿದ್ದೆವು. ಮೊದಲ ಆರು ತಿಂಗಳು ನನ್ನ ಕೆಲಸ ಇಷ್ಟೇ: ಶನಿವಾರ ಮಧ್ಯಾಹ್ನ ಅವರನ್ನು ಗಾಡಿಯ ಮೇಲೆ ಕೂಡಿಸಿಕೊಂಡು ರೋಗಿಗಳ ಮನೆಗೆ, ಆಸ್ಪತ್ರೆಗೆ ಹೋಗುವುದು. ಅವರು ಮಾತಾಡುವರು, ನಾನು ನೋಡುವವನು. ಒಂದು ದಿನ ವಾರ್ಡಿನ ಬಾಗಿಲಲ್ಲಿ ನಿಂತು, “ಇವತ್ತ ನೀ ಮಾತಾಡು, ನಾ ಹಿಂದ ನಿಂದರ್ತೀನಿ” ಎಂದರು. ನಾನು ಒಳಗೆ ಹೋದವನೇ ಮಂಚದ ಅಂಚಿಗೆ ಕೂತು ಬೈಬಲ್ ತೆಗೆದೆ. ಹೊರಗೆ ಬಂದ ಮೇಲೆ ಚಹಾದ ಅಂಗಡಿಯಲ್ಲಿ ಮೆಲ್ಲಗೆ ಹೇಳಿದರು: “ತಮ್ಮಾ, ರೋಗಿ ಮಂಚದ ಮ್ಯಾಲೆ ಕುಂದರಬ್ಯಾಡ, ಅವರಿಗೆ ನೋವಾಗ್ತದ. ಸ್ಟೂಲ್ ತೊಗೊ. ಪುಸ್ತಕಾ ಆಮ್ಯಾಲೆ ತಗಿ. ಮದಲ ಊಟಾ ಮಾಡ್ಯಾರೇನ ಕೇಳು, ಜೊತಿಗೆ ಇದ್ದಾಕಿ ಮಲಗ್ಯಾಳೇನ ಕೇಳು.” ಈ ಮಾತು ನನಗೆ ಯಾವ ಪಾಠದ ಪುಸ್ತಕದಲ್ಲೂ ಸಿಕ್ಕಿಲ್ಲ.

ನನ್ನ ಮೊದಲ ಪ್ರಸಂಗದ ಮಾರನೆಯ ದಿನ ಅವರು ಒಂದೇ ಪ್ರಶ್ನೆ ಕೇಳಿದರು: “ನಿನ್ನೆ ನೀ ಯಾರಿಗೆ ಹೇಳಿದಿ?” ನಾನು ಮೂರು ಅಂಶಗಳನ್ನು ಮತ್ತೆ ಒಪ್ಪಿಸಿದೆ. “ಅದು ಏನ ಹೇಳಿದಿ ಅನ್ನೋದಾತು. ಎಡಗಡೆ ಮೂರನೇ ಬೆಂಚಿನಾಗ ಹೋದ ತಿಂಗಳ ಗಂಡನ ಕಳಕೊಂಡಾಕಿ ಕುಂತಿದ್ಲು. ಆಕಿ ಮನಿಗೆ ಏನ ಒಯ್ದಳು?” ಅಂದಿನಿಂದ ಪ್ರಸಂಗ ಬರೆಯುವಾಗ ಕಾಗದದ ಮೇಲೆ ಮೊದಲು ಮೂವರ ಹೆಸರು ಬರೆಯುತ್ತೇನೆ.

ಈ ದಾರಿಗೆ ದುಡ್ಡು ಬೇಡ, ಸಮಯ ಬೇಕು. ವಾರಕ್ಕೆ ಎರಡು ತಾಸು, ಕಡಿಮೆ ಅಂದರೂ ಒಂದು ವರ್ಷ. ಒಬ್ಬ ಹಿರಿಯರಿಗೆ ಇಬ್ಬರಿಗಿಂತ ಹೆಚ್ಚು ಶಿಷ್ಯರು ಬೇಡ. ಕೊರತೆಗಳೂ ಇವೆ. ಹಿರಿಯರಿಗೆ ಗೊತ್ತಿಲ್ಲದ್ದು ಕಿರಿಯರಿಗೂ ಗೊತ್ತಾಗುವುದಿಲ್ಲ. ಅವರ ಸಿಟ್ಟು, ಅವರ ಪಕ್ಷಪಾತ, ಕೆಮ್ಮುವ ರೀತಿ ಕೂಡ ಶಿಷ್ಯನಿಗೆ ಅಂಟುತ್ತದೆ. ಅದಕ್ಕೇ ಇದನ್ನು ಟಿಇಇ ಜೊತೆ ಸೇರಿಸಿರಿ ಎನ್ನುತ್ತೇನೆ. ಅಪೊಸ್ತಲರ ಕೃತ್ಯಗಳಲ್ಲಿ ಬರುವ ಅಪೊಲ್ಲೋಸ ಒಳ್ಳೆಯ ವಾಗ್ಮಿ, ಶಾಸ್ತ್ರ ಬಲ್ಲವನು. ಆದರೂ ಅಕ್ವಿಲ, ಪ್ರಿಸ್ಕಿಲ್ಲ ದಂಪತಿ ಅವನನ್ನು ಕರೆದುಕೊಂಡು ಹೋಗಿ ದೇವರ ಮಾರ್ಗವನ್ನು ಇನ್ನೂ ಖಚಿತವಾಗಿ ತಿಳಿಸಿಕೊಟ್ಟರು. ಪಾಠವೂ ಬೇಕು, ಹತ್ತಿರದ ಮನುಷ್ಯರೂ ಬೇಕು.

ಆರಿಸಿದವನು ಎಡವಿದರೆ? ನನಗೆ ಆದಿ ಸಭೆಯ ಹಿರಿಯ ಬಾರ್ನಬನ ಮೇಲೆ ಬಹಳ ಪ್ರೀತಿ. ಯೆರೂಸಲೇಮಿನಲ್ಲಿ ಎಲ್ಲರೂ ಹೆದರುತ್ತಿದ್ದ ಸೌಲನನ್ನು (ಮುಂದೆ ಪೌಲ ಎನಿಸಿದವನನ್ನು) ಅಪೊಸ್ತಲರ ಬಳಿಗೆ ಕೈಹಿಡಿದು ಕರೆದುಕೊಂಡು ಹೋದವನು ಅವನು, ತಾರ್ಸಕ್ಕೆ ಹೋಗಿ ಹುಡುಕಿ ಅಂತಿಯೋಕ್ಯಕ್ಕೆ ತಂದವನೂ ಅವನೇ. ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯದ ಆರಂಭದಲ್ಲಿ ‘ಬಾರ್ನಬ ಮತ್ತು ಸೌಲ’ ಎಂದಿದ್ದದ್ದು ಅದೇ ಅಧ್ಯಾಯ ಮುಗಿಯುವಷ್ಟರಲ್ಲಿ ‘ಪೌಲ ಮತ್ತು ಬಾರ್ನಬ’ ಆಗುತ್ತದೆ. ಹಿರಿಯ ಹಿಂದಕ್ಕೆ ಸರಿದ, ಯಾವ ಗೊಣಗೂ ದಾಖಲಾಗಿಲ್ಲ. ಅವರ ಜೊತೆ ಹೊರಟಿದ್ದ ಮಾರ್ಕ ಅರ್ಧ ದಾರಿಗೆ ಬಿಟ್ಟು ಹೋದಾಗ ಪೌಲ ಅವನನ್ನು ಮತ್ತೆ ಕರೆದೊಯ್ಯಲು ಒಪ್ಪಲಿಲ್ಲ. ಬಾರ್ನಬ ಕರೆದುಕೊಂಡು ಹೋದ. ವರ್ಷಗಳ ಮೇಲೆ ಅದೇ ಪೌಲ, ಮಾರ್ಕನನ್ನು ಕರೆದುಕೊಂಡು ಬಾ, ಸೇವೆಗೆ ನನಗೆ ಉಪಯುಕ್ತನು ಎಂದು ತಿಮೊಥೆಗೆ ಬರೆದ. ಒಮ್ಮೆ ತಪ್ಪಿದ ಹುಡುಗನ ಹೆಸರು ಅಳಿಸುವ ಮುನ್ನ ನಿಮ್ಮ ಕಮಿಟಿಯಲ್ಲಿ ಬಾರ್ನಬ ಯಾರು ಎಂದು ನೋಡಿಕೊಳ್ಳಿ.

ಹೆಣ್ಣುಮಕ್ಕಳ ವಿಷಯದಲ್ಲಿ

ಮನೆ ಪ್ರಾರ್ಥನೆಗೆ ಬರುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು, ತಯಾರು ಮಾಡುವ ಪಟ್ಟಿಯಲ್ಲಿ ಅವರ ಹೆಸರೇ ಇರುವುದಿಲ್ಲ. ಸಿಎಸ್‌ಐಯಲ್ಲಿ ಮೊದಲ ಮಹಿಳಾ ಪ್ರೆಸ್ಬಿಟರ್ ಅಭಿಷೇಕ 1976ರಲ್ಲೇ ಆಯಿತು, 2013ರಲ್ಲಿ ಇ. ಪುಷ್ಪಲಲಿತಾ ನಂದ್ಯಾಲದ ಬಿಷಪ್ ಆದರು. ದಾರಿ ತೆರೆದು ಇಷ್ಟು ವರ್ಷವಾಗಿದ್ದರೂ ನಮ್ಮ ಸಭೆಗಳಲ್ಲಿ ‘ಅಕ್ಕಾರು ಅಡಿಗಿ ನೋಡ್ಕೊಳ್ಳಿ’ ಎನ್ನುವುದು ನಿಂತಿಲ್ಲ. ಹುಡುಗಿಯರಿಗೆ ಹಿರಿಯ ಹೆಂಗಸರೇ ಜೊತೆಯಾಗಲಿ. ಗಂಡಸರು ಕಲಿಸಬೇಕಾದ ಕಡೆ ಪತ್ನಿ ಜೊತೆಗಿರಲಿ, ಅಥವಾ ಚರ್ಚಿನ ಹಾಲಿನಲ್ಲಿ ಬಾಗಿಲು ತೆರೆದು ಕೂಡಲಿ. ಇದನ್ನು ನಿಯಮ ಮಾಡಿ ಬರೆದಿಡಿ, ಸಂಕೋಚ ಬೇಡ. ಕಲಿಯುವವಳಿಗೂ ಕಲಿಸುವವರಿಗೂ ಅದು ಕಾವಲು.

ಹಾಗಾದರೆ ನಿಮ್ಮ ಸಭೆಗೆ ಯಾವುದು?

ಹಾವೇರಿ ಕಡೆಯ ಹಳ್ಳಿಯ ಸಭೆ, ಸಭಾಪಾಲಕರು ತಿಂಗಳಿಗೆ ಒಂದೋ ಎರಡೋ ಸಲ ಬರುವವರು ಎಂದಾದರೆ ಮೊದಲು ಇಬ್ಬರನ್ನು ಆರಿಸಿ, ಸಭಾಪಾಲಕರು ಬಂದ ದಿನವೆಲ್ಲ ಆ ಇಬ್ಬರು ಅವರ ಜೊತೆಗೆ ಓಡಾಡಲಿ; ಉಳಿದ ಭಾನುವಾರ ಆ ಇಬ್ಬರೇ ಆರಾಧನೆ ನಡೆಸಲಿ. ಟಿಇಇ ಎರಡನೆಯ ವರ್ಷಕ್ಕೆ ಸಾಕು. ಹುಬ್ಬಳ್ಳಿ ಅಥವಾ ಧಾರವಾಡದ ದೊಡ್ಡ ಸಭೆಯಾದರೆ ಎರಡನ್ನೂ ಒಟ್ಟಿಗೆ ಶುರು ಮಾಡುವಷ್ಟು ಜನ ಇದ್ದಾರೆ; ಅಲ್ಲಿ ಕೊರತೆ ಇರುವುದು ಬಿಟ್ಟುಕೊಡುವ ಹಿರಿಯರಿಗೆ. ಡಿಗ್ರಿ ಮುಗಿಸಿದ, ಅಭಿಷೇಕದ ಕರೆ ಇದೆ ಎನ್ನುವ ಯುವಕ ಯುವತಿಯರನ್ನು ಕನಿಷ್ಠ ಒಂದು ವರ್ಷ ಊರಲ್ಲಿ ಕೆಲಸಕ್ಕೆ ಹಚ್ಚಿ, ಆಮೇಲೆ ಸೆಮಿನರಿಗೆ ಪತ್ರ ಬರೆಯಿರಿ.

ಸ್ವತಂತ್ರ ಸಭೆಗಳ ಪಾಸ್ಟರುಗಳಿಗೆ ಒಂದು ಮಾತು, ಪ್ರೀತಿಯಿಂದ. ವರ್ಗಾವಣೆ ಇಲ್ಲದ ಕಡೆ ಪಾಸ್ಟರ್ ನಂತರ ಪಾಸ್ಟರ್ ಮಗ ಎಂಬುದು ತಾನಾಗಿ ನಡೆದುಹೋಗುತ್ತದೆ. ಮಗನಿಗೆ ಕರೆ ಇದ್ದರೆ ಸಂತೋಷ. ಆದರೆ ಮೋಶೆಗೆ ಮಕ್ಕಳಿದ್ದರೂ ದೇವರು ತೋರಿಸಿದ್ದು ಬಹುಕಾಲ ಅವನ ಸೇವಕನಾಗಿದ್ದ ಯೆಹೋಶುವನನ್ನು. ಯಾಜಕ ಏಲಿಯ ಮಕ್ಕಳು ದಾರಿ ತಪ್ಪಿದರು, ಅವನ ಕೈಕೆಳಗೆ ಬೆಳೆದ ಸಮುವೇಲ ನಿಂತ. ಅದೇ ಸಮುವೇಲ ತನ್ನ ಮಕ್ಕಳನ್ನು ನೇಮಿಸಿದಾಗ ಅವರೂ ಲಂಚಕ್ಕೆ ಕೈಚಾಚಿದರು. ಮಗನ ಜೊತೆಗೆ ಮನೆಯ ಹೊರಗಿನ ಇನ್ನಿಬ್ಬರನ್ನೂ ಅದೇ ಪ್ರೀತಿಯಿಂದ ತಯಾರು ಮಾಡಿ. ಸಭೆಗೆ ಆರಿಸಲು ಆಸ್ಪದ ಇರಲಿ.

ಯಾವ ದಾರಿಯಾದರೂ ಕೆಲಸವನ್ನು ಪೂರ್ತಿ ಒಪ್ಪಿಸುವ ದಿನ ಬರಲೇಬೇಕು. ನಾವು ಈಗ ತಾರೀಖು ಬರೆದಿಡುತ್ತೇವೆ: ಇಂಥ ತಿಂಗಳಿನಿಂದ ಮನೆ ಪ್ರಾರ್ಥನೆಯ ಪಟ್ಟಿ ಇವರು ಮಾಡುತ್ತಾರೆ, ಕಾಣಿಕೆಯ ಲೆಕ್ಕಕ್ಕೆ ಈ ಇಬ್ಬರ ಸಹಿ, ಕಪಾಟಿನ ಕೀಲಿಕೈ ಇವರಲ್ಲಿ, ಇನ್ನೊಂದು ಅವರಲ್ಲಿ. ದುಡ್ಡಿನ ಲೆಕ್ಕ ಕಲಿಸದೆ ಬರೀ ಪ್ರಾರ್ಥನೆ, ಪ್ರಸಂಗ ಕಲಿಸಿದರೆ ಅರ್ಧ ಮಾತ್ರ ಕಲಿಸಿದ ಹಾಗೆ. ಒಪ್ಪಿಸಿದ ಮೇಲೆ ಹಿರಿಯರು ಆರು ತಿಂಗಳು, ಕೇಳಿದರೆ ಮಾತ್ರ ಮಾತಾಡಬೇಕು. ಇದು ಬಹಳ ಕಷ್ಟ. ನಾನು ಒಪ್ಪಿಸಿದ ಮೊದಲ ಮನೆ ಪ್ರಾರ್ಥನೆಯಲ್ಲಿ ಹುಡುಗ ತಪ್ಪು ರಾಗದಲ್ಲಿ ಗೀತೆ ಎತ್ತಿಕೊಂಡ, ನನ್ನ ಬಾಯಿ ತೆರೆಯಿತು. ಪಕ್ಕದಲ್ಲಿ ಕೂತಿದ್ದ ನನ್ನ ಹೆಂಡತಿ ಮೊಣಕೈಯಿಂದ ತಿವಿದಳು. ಎರಡನೆಯ ಚರಣಕ್ಕೆ ಅವನೇ ಸರಿ ಮಾಡಿಕೊಂಡ.

ಎಲ್ಲ ಕಮಿಟಿಗಳಲ್ಲಿ ಬರುವ ಒಂದು ಆಕ್ಷೇಪ ಉಳಿಯಿತು: ‘ನಾವು ತಯಾರು ಮಾಡ್ತೀವಿ, ಅವರು ನೌಕರಿ ಅಂತ ಬೆಂಗಳೂರಿಗೆ, ಪುಣೆಗೆ ಹೋಗಿಬಿಡ್ತಾರ.’ ಹೌದು, ಹೋಗುತ್ತಾರೆ. ಅದಕ್ಕೇ ಒಬ್ಬರ ಬದಲು ಇಬ್ಬರನ್ನು ಬೆಳೆಸಿ, ಹೋಗುವವನ ಕೈಯಲ್ಲಿ ಅಲ್ಲಿನ ಸಭೆಗೆ ಒಂದು ಪತ್ರ ಕೊಡಿ: ಈತ ನಮ್ಮಲ್ಲಿ ಇಂಥ ಕೆಲಸ ಮಾಡುತ್ತಿದ್ದ, ನಿಮ್ಮಲ್ಲೂ ಕೆಲಸ ಕೊಡಿ ಎಂದು. ಗೀತೆಯ ರಾಗ ತಪ್ಪಿದ ಆ ಹುಡುಗ ಈಗ ಪುಣೆಯಲ್ಲಿದ್ದಾನೆ. ಹೋದ ಶನಿವಾರ ಫೋನ್ ಮಾಡಿದ್ದ. ಅಲ್ಲಿ ಆಸ್ಪತ್ರೆಗೆ ಹೋಗುವಾಗ ಒಬ್ಬ ಕಾಲೇಜು ಹುಡುಗನನ್ನು ಜೊತೆಗೆ ಕರೆದುಕೊಂಡು ಹೋಗುತ್ತಾನಂತೆ. “ಅಣ್ಣಾರ, ಅಂವ ಮದಲನೇ ದಿನಾನ ಮಂಚದ ಮ್ಯಾಲೆ ಕುಂತ್ಬಿಟ್ಟಾ” ಎಂದ.